ಊಟದ ಎಲೆಯ ಮುಂದಿನ ಅರ್ಧ ನಿಮಿಷ

ಹಳೇ ವಿಡಿಯೋ ಕ್ಯಾಸೆಟ್ ಒಳ್ಳೆಯದೋ, ಈಗಿನ ಪೆನ್‌ಡ್ರೈವ್ ಒಳ್ಳೆಯದೋ ಎಂದು ನನ್ನನ್ನು ಯಾರಾದರೂ ಕೇಳಿದರೆ, ನಿಮ್ಮ ಮನೆಯಲ್ಲಿ ಯಾರು ತೀರಿಹೋಗಿದ್ದಾರೆ ಎಂದು ನಾನು ತಿರುಗಿ ಕೇಳುತ್ತೇನೆ. ಯಾರೂ ಇಲ್ಲ ಎಂದರೆ ಹೊಸದನ್ನೇ ಇಟ್ಟುಕೊಳ್ಳಿ, ಬೀರುವಿನಲ್ಲಿ ಜಾಗ ಉಳಿಯುತ್ತದೆ. ಚಿತ್ರ ಎಷ್ಟು ಹೊಳೆಯುತ್ತದೆ ಅನ್ನುವ ಮಾತನ್ನು ಮಾತ್ರ ನನ್ನ ಹತ್ತಿರ ತರಬೇಡಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತಿದ್ದೇನೆ. ಲೇತಿನಿಂದ ಬಂದ ಪೀಸುಗಳಿಗೆ ಗೇಜ್ ಹಾಕಿ ಅಳತೆ ನೋಡುವುದು, ಸರಿಯಿಲ್ಲದ್ದನ್ನು ಕೆಂಪು ಟ್ರೇಗೆ ಎಸೆಯುವುದು, ಅಷ್ಟೇ ನನ್ನ ಕೆಲಸ. ಕೆಂಪು ಟ್ರೇಗೆ ಬಿದ್ದವುಗಳೂ ಚೆನ್ನಾಗಿಯೇ ಹೊಳೆಯುತ್ತವೆ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕ್ಯಾಸೆಟ್. ಅಕ್ಕನ ಮದುವೆಯದು, ಮೂರು ಗಂಟೆಯದು. ಆಗಿನ ವಿಡಿಯೋದವನು ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ಒಮ್ಮೆ ಆನ್ ಮಾಡಿದನೆಂದರೆ ಟೇಪು ಮುಗಿಯುವ ತನಕ ಆರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಕಣ್ಣು ಕುಕ್ಕುವ ದೀಪ ಹಿಡಿದಿರುತ್ತಿದ್ದ. ಆ ಬೆಳಕಿಗೆ ನಮ್ಮ ನೆಂಟರೆಲ್ಲ ಮುಖ ಕಿವುಚಿಕೊಂಡು, ಬೆವರು ಒರೆಸಿಕೊಳ್ಳುತ್ತ ಕೂತಿದ್ದಾರೆ. ಚಿಕ್ಕಪ್ಪ ಹಲ್ಲಿಗೆ ಸಿಕ್ಕ ಅಡಿಕೆ ಚೂರನ್ನು ತೆಗೆಯುವುದೇ ಎರಡು ನಿಮಿಷ ಇದೆ. ಯಾರದೋ ಮಗು ಅಳುತ್ತದೆ, ಬಡಿಸುವವರು ಸಾರು ಸಾರು ಎಂದು ಕೂಗುತ್ತಾರೆ, ಓಲಗದವರು ನಡುನಡುವೆ ಕೆಮ್ಮುತ್ತಾರೆ. ಒಂದನ್ನೂ ಕತ್ತರಿಸಿರಲಿಲ್ಲ, ಎಲ್ಲದರ ಸದ್ದೂ ಇತ್ತು.

ಅಕ್ಕನನ್ನು ದೊಡ್ಡನೆಕ್ಕುಂದಿ ಕಡೆಯ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಅವಳು ಸತ್ತಳು. ನೀರು ಸೇದಲು ಹೋಗಿ ಸಂಪಿನೊಳಗೆ ಜಾರಿ ಬಿದ್ದಳು ಎಂದರು. ಅಪ್ಪ, ದೊಡ್ಡಪ್ಪ ಹೋಗಿ ಬಂದರು. ಬಂದವರು ಸ್ನಾನ ಮಾಡಿ ಮಲಗಿದರು. ಹೇಗಾಯಿತು ಎಂದು ಕೇಳಿದ್ದಕ್ಕೆ ದೊಡ್ಡಪ್ಪ ನನ್ನನ್ನು ಗದರಿದ. ನನಗಾಗ ಹದಿನಾರು. ಮಾರನೇ ವಾರ ಅವ್ವ ನಮ್ಮ ಚಿಕ್ಕಬಾಣಾವರದ ಮನೆಯ ಸಂಪಿನ ಮುಚ್ಚಳದ ಮೇಲೆ ರುಬ್ಬುವ ಗುಂಡನ್ನು ಉರುಳಿಸಿಕೊಂಡು ಹೋಗಿ ಇಟ್ಟಳು. ಅದು ಇವತ್ತಿಗೂ ಅಲ್ಲೇ ಇದೆ. ಮೇಲಿನ ರೂಮುಗಳಲ್ಲಿ ಬಾಡಿಗೆಗೆ ಇರುವ ಕೊಪ್ಪಳದ ಕಡೆಯವರು ನೀರು ಎಷ್ಟಿದೆ ಎಂದು ನೋಡಬೇಕಾದರೂ ಅವ್ವನನ್ನು ಕೇಳಿಯೇ ಕಲ್ಲು ಸರಿಸಬೇಕು. ಅಜ್ಜಿಗೆ ನೀರಿನ ಮೇಲೆ ಬಹಳ ಜೀವ ಎಂದು ಅವರು ನಗುತ್ತಾರೆ.

ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಅವ್ವ ಆ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದಳು. ಪೂರ್ತಿ ನೋಡುತ್ತಿರಲಿಲ್ಲ. ಗಂಡು ಹೆಣ್ಣು ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಎಲೆ ಹಾಕಿ, ಒಬ್ಬರಿಗೊಬ್ಬರು ತಿನ್ನಿಸಿ ಎಂದು ಎಲ್ಲರೂ ಗೇಲಿ ಮಾಡುತ್ತಾರಲ್ಲ, ಅಲ್ಲಿಗೆ ಓಡಿಸುತ್ತಿದ್ದಳು. ಅಕ್ಕ ಭಾವ ಊಟಕ್ಕೆ ಕೂತ ಅರ್ಧ ನಿಮಿಷ. ನೋಡುವುದು, ಹಿಂದಕ್ಕೆ ಓಡಿಸುವುದು, ಮತ್ತೆ ನೋಡುವುದು. ಒಂದೊಂದು ಸಲ ಚಿತ್ರವನ್ನು ನಿಲ್ಲಿಸಿ ಹಾಗೇ ಕೂತುಬಿಡುವಳು. ನಾನು ಕಾಲೇಜಿನಿಂದ ಬಂದಾಗ ಬಾಗಿಲಲ್ಲೇ ಟೇಪು ಹಿಂದಕ್ಕೆ ಸುತ್ತುವ ಕಿರ್ರೆನ್ನುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಒಳಗೆ ಹೋಗಲು ಭಯವಾಗುತ್ತಿತ್ತು. ಮಗಳು ತಿನ್ನುವುದನ್ನು ನೋಡಿ ಸಂಕಟ ಪಡುತ್ತಿದ್ದಾಳೆ ಎಂದುಕೊಂಡೆ. ಯಾಕೆ ಅಲ್ಲೇ ನೋಡ್ತೀಯ ಎಂದು ಒಂದು ದಿನವೂ ಕೇಳಲಿಲ್ಲ.

ಕ್ಯಾಸೆಟ್ಟಿನ ಗುಣ ಒಂದಿದೆ. ನೋಡಿದಷ್ಟೂ ಸವೆಯುತ್ತದೆ. ಅದರಲ್ಲೂ ನಿಲ್ಲಿಸಿ ನೋಡಿದರೆ ಯಂತ್ರ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಮೊದಲು ಅಕ್ಕನ ಮುಖದ ಮೇಲೆ ಗೀರು ಬಂತು. ಆಮೇಲೆ ಮಾತು ಎಳೆದಾಡಿತು. ಕೊನೆಗೆ ಆ ಅರ್ಧ ನಿಮಿಷ ಬರೀ ಬಿಳಿ ಚುಕ್ಕೆ, ಬರೀ ಸುಯ್ ಎನ್ನುವ ಸದ್ದು. ಅದರ ಹಿಂದೆ ಮುಂದೆ ಎಲ್ಲ ಸ್ವಚ್ಛವಾಗಿತ್ತು. ನಾನು ಕೂತು ಸರಿಯಾಗಿ ನೋಡುವ ಹೊತ್ತಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಅವ್ವ ಆ ಚುಕ್ಕೆಗಳನ್ನೂ ನೋಡುತ್ತಿದ್ದಳು.

ಎಷ್ಟೋ ವರ್ಷದ ಮೇಲೆ, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿದೆ ಎಂದು ನಾನೇ ಅದನ್ನು ಒಂದು ಸ್ಟುಡಿಯೋಗೆ ಕೊಟ್ಟು ಡಿವಿಡಿ ಮಾಡಿಸಿದೆ. ಅವನು ಕೊಡುವಾಗ ಹೆಮ್ಮೆಯಿಂದ, "ಒಂದ್ಕಡೆ ಪೂರ್ತಿ ಹೋಗಿತ್ತು ಮೇಡಂ, ಕಟ್ ಮಾಡಿ ನೀಟಾಗಿ ಜಾಯಿನ್ ಮಾಡಿದೀನಿ" ಎಂದ. ಅವ್ವ ಅದನ್ನು ಒಂದು ಸಲ ನೋಡಿದಳು. ಅಕ್ಕ ಎಲೆಯ ಮುಂದೆ ಕೂರುತ್ತಾಳೆ, ಮರುಕ್ಷಣ ಕೈ ತೊಳೆಯುತ್ತಿದ್ದಾಳೆ. "ಇದ್ರಲ್ಲಿ ಏನೂ ಆಗೇ ಇಲ್ಲ" ಎಂದು ಅವ್ವ ಎದ್ದು ಹೋದಳು. ನನಗೆ ಉರಿದುಹೋಯಿತು, ಇಷ್ಟು ಓಡಾಡಿ ಮಾಡಿಸಿದ್ದಕ್ಕೆ ಇದಾ ಮಾತು ಎಂದು. ಆ ಡಿವಿಡಿಯೂ ಈಗ ಓಡುವುದಿಲ್ಲ ಬಿಡಿ.

ಈ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಹುಡುಗನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ನಗುಮುಖ, ಹಿರಿಯರ ಕಾಲಿಗೆ ಬೀಳುತ್ತಾನೆ, ಮಾತಿಗೆ ಮೊದಲು ಆಂಟಿ ಎನ್ನುತ್ತಾನೆ. ನಿಶ್ಚಿತಾರ್ಥವಾಗಿ ವಾರಕ್ಕೆ, ವಿಡಿಯೋ ಬಂತು ಎಂದು ತಾನೇ ಮನೆಗೆ ಬಂದು, ಫೋನನ್ನು ಟಿವಿಗೆ ಜೋಡಿಸಿ ತೋರಿಸಿದ. ಬಂದವನ ಕಣ್ಣು ಟಿವಿಯ ಕೆಳಗಿದ್ದ ಹಳೇ ಕ್ಯಾಸೆಟ್ಟಿನ ಮೇಲೆ ಬಿತ್ತು.

"ಇನ್ನೂ ಇಟ್ಕೊಂಡಿದೀರಾ ಆಂಟಿ ಇದನ್ನ? ಬಿಸಾಕಿ. ಅದ್ರಲ್ಲಿ ಮುಖಾನೇ ಕಾಣಲ್ಲ. ಇದ್ರಲ್ಲಿ ನೋಡಿ, ಕಣ್ಣಿನ ರೆಪ್ಪೆ ಎಣಿಸ್ಬೋದು."

ನಿಜವೇ. ನಾಲ್ಕು ನಿಮಿಷ, ರೆಪ್ಪೆ ಎಣಿಸುವ ಹಾಗಿತ್ತು. ಮಗಳು ನಿಧಾನವಾಗಿ ತಿರುಗುತ್ತಾಳೆ, ಹೂವಿನ ಎಸಳು ನಿಧಾನವಾಗಿ ಬೀಳುತ್ತದೆ, ನಾನು ಕೂಡ ಯಾರೋ ದೊಡ್ಡ ಮನುಷ್ಯಳಂತೆ ನಡೆದುಬರುತ್ತೇನೆ. ಉದ್ದಕ್ಕೂ ಒಂದು ಹಾಡು. ಯಾರ ಬಾಯಿ ಆಡಿದರೂ ಮಾತಿಲ್ಲ. ನಮ್ಮ ಯಜಮಾನರು ಚಪ್ಪಾಳೆ ತಟ್ಟಿದರು.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ಮೂಲೆಯ ಕುರ್ಚಿಯಿಂದ, "ಮಾತೆಲ್ಲಿ?" ಎಂದಳು. ಆಮೇಲೆ, "ಎಲೆ ಮುಂದೆ ಕುಂತಿದ್ದೆಲ್ಲಿ?" ಎಂದಳು.

"ಅಜ್ಜಿ, ಊಟ ಮಾಡೋದನ್ನ ಯಾರ್ ನೋಡ್ತಾರೆ? ಅದೆಲ್ಲ ನಾನೇ ಕಟ್ ಮಾಡಿಸ್ದೆ."

"ನೀನ್ಯಾಕಪ್ಪ ಮಾಡಿಸ್ದೆ?"

ಅವನು ನಕ್ಕ. ಮಗಳು ಎಲ್ಲರಿಗೂ ಕಾಫಿ ತರುತ್ತೇನೆ ಎಂದು ಅಡುಗೆಮನೆಗೆ ಹೋದಳು. ಆಗಲೇ ಎಲ್ಲರೂ ಕಾಫಿ ಕುಡಿದಿಟ್ಟ ಲೋಟಗಳು ಇನ್ನೂ ಟೀಪಾಯಿಯ ಮೇಲೇ ಇದ್ದವು.

ಅವನು ಹೋದದ್ದೇ ತಡ ಅವ್ವ ಶುರುಮಾಡಿದಳು. "ಪೂರ್ತಿ ತರ್ಸು." ಬೆಳಿಗ್ಗೆ ನಾನು ಡಬ್ಬಿ ಕಟ್ಟುವಾಗಲೂ ಅದೇ, ಸಂಜೆ ಚಪ್ಪಲಿ ಬಿಡುವಾಗಲೂ ಅದೇ. ವಯಸ್ಸಾಯಿತು, ಅರಳುಮರಳು ಎಂದುಕೊಂಡೆ. ಆದರೆ ಆ ಲೋಟಗಳು ನನ್ನ ತಲೆಯಿಂದ ಹೋಗಿರಲಿಲ್ಲ. ಶನಿವಾರ ಮೊದಲ ಶಿಫ್ಟ್ ಮುಗಿಸಿ ಸ್ಟುಡಿಯೋಗೆ ಹೋದೆ. ಅಲ್ಲಿದ್ದವನಿಗೆ ಆಶ್ಚರ್ಯ. "ಶೂಟ್ ಮಾಡಿದ್ದನ್ನೆಲ್ಲ ಯಾರೂ ಕೇಳಲ್ಲ ಮೇಡಂ. ಸರ್ ನೋಡಿ ಓಕೆ ಅಂದ್ರಲ್ಲ, ಸೋಮವಾರ ಡಿಲೀಟ್ ಮಾಡೋದಿತ್ತು" ಎಂದ. ಹುಡುಗಿಯ ತಾಯಿ ನಾನು, ನನಗೂ ಒಂದು ಸಲ ತೋರಿಸಿ ಡಿಲೀಟ್ ಮಾಡು ಎಂದು ಪೆನ್‌ಡ್ರೈವ್ ಮುಂದಿಟ್ಟೆ. ನನ್ನ ದನಿ ಅವನಿಗೆ ಹಿಡಿಸಲಿಲ್ಲ, ಆದರೂ ತುಂಬಿಸಿಕೊಟ್ಟ.

ಭಾನುವಾರ. ಮದುವೆಗೆ ಇನ್ನು ಐದು ವಾರ. ಯಜಮಾನರು ಬೆಳ್ಳಂದೂರು ಕಡೆಯ ನೆಂಟರಿಗೆ ಲಗ್ನಪತ್ರಿಕೆ ಹಂಚಲು ಬೆಳಿಗ್ಗೆಯೇ ಹೊರಟಿದ್ದರು. ಮಗಳು ತಲೆಗೆ ಎರೆದುಕೊಳ್ಳುತ್ತಿದ್ದಳು. ಪೆನ್‌ಡ್ರೈವ್ ಚುಚ್ಚಿದರೆ ನೂರಾರು ತುಂಡು. ಈಗಿನ ವಿಡಿಯೋದವರು ಬೇಕಾದಾಗ ಒತ್ತಿ, ಬೇಡದಾಗ ಬಿಡುತ್ತಾರೆ. ಹುಡುಕಿ ಹುಡುಕಿ ಊಟದ ತುಂಡನ್ನು ಹಿಡಿದೆ. ಅವ್ವ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಹೊರಗೆ ಸಂಪಿನ ಮೋಟಾರು ಓಡುತ್ತಿತ್ತು.

ಸದ್ದು ಇತ್ತು. ಎಲೆಗಳ ಸದ್ದು, ಬಡಿಸುವವರ ಕೂಗು. ವಿಡಿಯೋದವನು "ಸರ್, ಮೇಡಂಗೆ ತಿನ್ನಿಸಿ, ಈ ಕಡೆ ನೋಡಿ" ಅನ್ನುತ್ತಿದ್ದಾನೆ. ಹುಡುಗ ಹೋಳಿಗೆ ಚೂರು ಹಿಡಿದಿದ್ದಾನೆ. ಮಗಳು ಪಕ್ಕಕ್ಕೆ ತಿರುಗಿ, ಪಕ್ಕದ ಸಾಲಿನಲ್ಲಿ ಕೂತ ಅವಳ ಆಫೀಸಿನ ಹುಡುಗನೊಬ್ಬ ಹೇಳಿದ್ದಕ್ಕೆ ನಗುತ್ತಿದ್ದಾಳೆ. ಇವನು ಎರಡು ಬೆರಳಲ್ಲಿ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಕ್ಯಾಮೆರಾಕ್ಕೆ ನಗುತ್ತಲೇ, ಮೆಲ್ಲಗೆ, "ಅವನ ಹತ್ರ ಏನ್ ನಗು? ಆಮೇಲೆ ಇದೆ ನಿಂಗೆ" ಎಂದ. ಅವಳ ಬಾಯಿಗೆ ಹೋಳಿಗೆ ಇಟ್ಟ. ಸುತ್ತಲಿದ್ದವರು ಹೋ ಎಂದರು.

ನಾನು ನಕ್ಕುಬಿಟ್ಟೆ. ಹುಡುಗರ ಹೊಟ್ಟೆಕಿಚ್ಚು, ಚೆನ್ನಾಗಿದೆ ಎಂದು.

"ಇಂದಕ್ಕೋಗು" ಎಂದಳು ಅವ್ವ.

ಎರಡನೇ ಸಲ ಮಗಳ ಮುಖ ನೋಡಿದೆ. ಹೋಳಿಗೆ ಬಾಯಲ್ಲೇ ಇದೆ, ಅಗಿಯುತ್ತಿಲ್ಲ. ಕಣ್ಣು ಎಲೆಯ ಮೇಲೆ. ರೆಪ್ಪೆ ಎಣಿಸಬಹುದು ಅಂದಿದ್ದನಲ್ಲ, ಎಣಿಸಬಹುದಿತ್ತು, ಅಷ್ಟು ಹೊತ್ತು ಅವು ಅಲುಗಲಿಲ್ಲ. ಮೂರನೇ ಸಲ ಅವನ ಬೆರಳು ನೋಡಿದೆ. ಬಿಟ್ಟ ಮೇಲೆ ಗಲ್ಲದ ಮೇಲೆ ಎರಡು ಬಿಳಿ ಗುರುತು ಉಳಿದು, ನಿಧಾನಕ್ಕೆ ಕೆಂಪಾದವು. ಆದರೂ ನಾಲ್ಕನೇ ಸಲ ಹಿಂದಕ್ಕೆ ಒತ್ತಲು ಹೋದೆ.

ಅವ್ವ ನನ್ನ ಕೈ ಹಿಡಿದುಕೊಂಡಳು. "ನಿಮ್ಮಕ್ಕ ಪಾಯ್ಸ ಚೆಲ್ಲಿದ್ಲು, ಅವನ ಪಂಚೆ ಮ್ಯಾಲೆ. ಅವನೂ ನಗ್ತಾನೇ ಏಳ್ದ. ಮನೇಗ್ ಬಾ, ತೋರಿಸ್ತೀನಿ ಅಂದ."

ಆ ಅರ್ಧ ನಿಮಿಷದಲ್ಲಿ ಇದ್ದದ್ದು ಅದು. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ನನಗೆ ಗೊತ್ತಾಯಿತು.

"ಅವಳು ಹೋದ್ಮೇಲೆ ನೋಡಿ ಗೊತ್ತಾಯ್ತಾ ಅವ್ವ?"

"ಮದ್ವೆ ಆಗಿ ತಿಂಗ್ಳಿಗೇ ಕ್ಯಾಸೆಟ್ ಬಂತು ಕಣೆ. ಬದುಕಿದ್ಲು. ನಿಮ್ಮಪ್ಪಂಗೆ ಕೇಳಿಸ್ದೆ. ತಮಾಸೆ, ಸುಮ್ಕಿರು ಅಂದ್ರು. ತಮಾಸೆನೋ ಅಲ್ವೋ ಗೊತ್ತಾಗ್ಲಿ ಅಂತ ದಿನಾ ನೋಡ್ದೆ. ವರ್ಸ ಪೂರ್ತಿ ನೋಡ್ದೆ. ಬಸ್ ಅತ್ತಿದ್ರೆ ಎರಡು ಗಂಟೆ ದಾರಿ. ಓಗಿ ಕರ್ಕಂಡ್ ಬರ್ಲಿಲ್ಲ, ಇಲ್ಲೇ ಕುಂತ್ಕಂಡ್ ನೋಡ್ದೆ."

ಆಗ ನೆನಪಾಯಿತು. ಬಾಗಿಲಲ್ಲಿ ಆ ಕಿರ್ರೆನ್ನುವ ಸದ್ದು ಕೇಳಿ ನಾನು ನಿಂತಿದ್ದ ಮಧ್ಯಾಹ್ನಗಳಲ್ಲಿ ಒಂದು ದಿನ, ಒಳಗೆ ಅಕ್ಕನೇ ಕೂತಿದ್ದಳು. ಗೌರಿ ಹಬ್ಬಕ್ಕೆ ಬಂದಿದ್ದಳು. ಅವ್ವನ ಪಕ್ಕದಲ್ಲಿ ಕೂತು, ಟಿವಿಯಲ್ಲಿ ತನ್ನನ್ನೇ ನೋಡುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಮಾರನೇ ದಿನ ಅರಿಶಿನ ಕುಂಕುಮ ಕೊಟ್ಟು ಕಳಿಸಿದೆವು. ಬಸ್‌ಸ್ಟಾಪಿಗೆ ಅವಳ ಬ್ಯಾಗು ಹೊತ್ತವಳು ನಾನೇ.

ನಮ್ಮ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಸೂಪರ್‌ವೈಸರ್ ಒಂದು ವಿಷಯಕ್ಕೆ ಯಾವಾಗಲೂ ರೇಗುತ್ತಿದ್ದರು. ಒಂದೇ ಪೀಸಿಗೆ ಮತ್ತೆ ಮತ್ತೆ ಗೇಜ್ ಹಾಕಬೇಡಮ್ಮ, ಒಂದ್ಸಲ ಅಲ್ದಿದ್ರೆ ಒಂದ್ಸಲ ಹೊಂದ್ಕೊಳ್ಳತ್ತೆ ಅಂತ ತಾನೇ ನೀನು ಹಾಕ್ತಿರೋದು, ಎಂದು. ನಾನು ಹೊಸಬರಿಗೆಲ್ಲ ಅದನ್ನೇ ಹೇಳಿ ಬೈದಿದ್ದೇನೆ. ಮನೆಯಲ್ಲಿ ಕೂತು ನಾಲ್ಕನೇ ಸಲ ಹಾಕಲು ಹೊರಟಿದ್ದೆ. ಮೇಲಾಗಿ ಈ ಹೊಸದು ಸವೆಯುವುದೂ ಇಲ್ಲ. ಸಾಯುವ ತನಕ ಹಿಂದಕ್ಕೆ ಒತ್ತುತ್ತ ಕೂರಬಹುದು.

"ಅದನ್ಯಾಕೆ ಹಾಕ್ಕೊಂಡು ಕೂತಿದೀರ?" ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೂರು ಸಲವೂ ಅವನ ದನಿ ಅವಳಿಗೆ ಕೇಳಿಸಿತ್ತು.

"ಆಮೇಲೆ ಇದೆ ಅಂದ್ನಲ್ಲ. ಆಮೇಲೆ ಏನಾಯ್ತು?" ಎಂದೆ.

ಅವಳು ಅಜ್ಜಿಯನ್ನು ನೋಡಿದಳು, ಟಿವಿಯಲ್ಲಿ ನಿಂತುಹೋಗಿದ್ದ ತನ್ನ ಮುಖವನ್ನು ನೋಡಿದಳು. "ಕಾರಲ್ಲಿ..." ಎಂದವಳು ತಲೆಯ ಟವೆಲ್ ಬಿಚ್ಚಿ ಕೈಗೆ ಸುತ್ತಿಕೊಂಡಳು. "ಅವತ್ತು ಮೊದಲ್ನೇ ಸಲ ಅಲ್ಲಮ್ಮ" ಎಂದಳು. "ಕಾರ್ಡ್ ಎಲ್ಲಾ ಪ್ರಿಂಟ್ ಆಗೋಯ್ತಲ್ಲ."

ಅವ್ವ ಎದ್ದು ಹೋಗಿ ಅವಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಯಜಮಾನರಿಗೆ ಫೋನ್ ಮಾಡಿದೆ. ಯಾರದೋ ಮನೆಯಲ್ಲಿ ಇನ್ನೇನು ಊಟಕ್ಕೆ ಕೂರುತ್ತಿದ್ದರು.

"ಕಾರ್ಡ್ ಕೊಡೋದು ನಿಲ್ಲಿಸಿ, ಮನೇಗೆ ಬನ್ನಿ" ಎಂದೆ.

ಯಾಕೆ, ಏನಾಯಿತು ಎಂದು ಗಾಬರಿಯಿಂದ ಕೇಳಿದರು.

"ಬಂದು ನೋಡಿ. ಒಂದೇ ಒಂದು ಸಲ ತೋರಿಸ್ತೀನಿ."