ನಮ್ಮ ಮಾವನ ಟಕ್ ಅನ್ನುವ ಮಂಡಿ

ನಮ್ಮ ಸೋದರಮಾವನನ್ನು ಕಟ್ಟಡದ ಕೆಲಸದವರೆಲ್ಲ ರಸಮಟ್ಟ ಎಂದು ಕರೆಯುತ್ತಾರೆ. ನೆಲ ಮಟ್ಟಸವಾಗಿದೆಯೇ ಎಂದು ನೋಡಲು ಗುಳ್ಳೆ ಓಡಾಡುವ ಪಟ್ಟಿಯೊಂದು ಇರುತ್ತದಲ್ಲ, ಅದರ ಹೆಸರು. ಮಾವನಿಗೆ ಆ ಪಟ್ಟಿ ಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿದರೆ ಸಾಕು, ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ ಎಂದು ಹೇಳಿಬಿಡುತ್ತಾರೆ. ಮೂವತ್ತು ವರ್ಷದಿಂದ ಟೈಲ್ಸ್ ಹಾಕುವುದೇ ಅವರ ಕಸುಬು.

ಆದರೆ ಅವರಿಗೆ ಜಂಬ ಇರುವುದು ಕಣ್ಣಿನ ಬಗ್ಗೆ ಅಲ್ಲ, ಕಿವಿಯ ಬಗ್ಗೆ. ಹಾಕಿದ ನೆಲ ಒಣಗಿದ ಮೇಲೆ ಗಾರೆ ಹಚ್ಚುವ ಕರಣೆಯ ಹಿಡಿಯಿಂದ ಒಂದೊಂದು ಟೈಲನ್ನೂ ಕುಟ್ಟಿ ಕೇಳುತ್ತಾರೆ. ಅಡಿಯಲ್ಲಿ ಗಾರೆ ತುಂಬಿ ಕೂತಿದ್ದರೆ ‘ದಬ್’ ಅನ್ನುತ್ತದೆ. ಗಾಳಿ ಉಳಿದಿದ್ದರೆ ‘ಟಕ್’ ಅನ್ನುತ್ತದೆ. ಟಕ್ ಅಂದಿತೋ, ಮುಗಿಯಿತು. ಅದು ಟೊಳ್ಳು, ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ ಎಂದು ಮುಲಾಜಿಲ್ಲದೆ ಕಿತ್ತು ಮತ್ತೆ ಹಾಕುತ್ತಾರೆ. ಈ ಚಾಳಿ ಬೀದಿಗೂ ಬಂದಿದೆ. ಕಲ್ಲಂಗಡಿ ಅಂಗಡಿಯವನು ಮಾವನನ್ನು ದೂರದಿಂದ ಕಂಡರೆ ಹಣ್ಣಿಗೆ ಬಟ್ಟೆ ಮುಚ್ಚುತ್ತಾನೆ. ನನ್ನ ಮದುವೆಗೆ ಮಂಚ ಕೊಳ್ಳಲು ಹೋದಾಗ ಅಂಗಡಿಯ ಅಷ್ಟೂ ಮಂಚಗಳನ್ನು ಕುಟ್ಟಿ, ಮಾಲೀಕನಿಂದ ಬೈಸಿಕೊಂಡು, ಕೊನೆಗೆ ಒಂದನ್ನು ಆರಿಸಿಕೊಟ್ಟರು. ಅದು ಇವತ್ತಿಗೂ ಗಟ್ಟಿಯಾಗಿದೆ ಎಂಬುದನ್ನು ಒಪ್ಪಲೇಬೇಕು.

ಇಂಥ ಮನುಷ್ಯನಿಗೆ ಐವತ್ತನಾಲ್ಕನೇ ವಯಸ್ಸಿಗೆ ಮಂಡಿಯಲ್ಲಿ ಸದ್ದು ಶುರುವಾಯಿತು. ಕುಕ್ಕರಗಾಲಿನಿಂದ ಏಳುವಾಗ ಬಲಮಂಡಿ ಟಕ್. ವಾರ ಕಳೆದ ಮೇಲೆ ಎಡಮಂಡಿಯೂ ಟಕ್. ನೋವಿಲ್ಲ, ಊತವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮಾವನೋ, ತೀರ್ಪು ಕೊಟ್ಟೇಬಿಟ್ಟರು: ಒಳಗೆ ಟೊಳ್ಳಾಗಿದೆ. ಯಾರಿಗೂ ಹೇಳಲಿಲ್ಲ. ಟೈಲಾದರೆ ಕಿತ್ತು ಹಾಕಬಹುದು, ಮಂಡಿಯನ್ನು ಏನು ಮಾಡುವುದು? ಒಡೆಯದ ಹಾಗೆ ಜೋಪಾನ ಮಾಡಬೇಕು ಎಂದುಕೊಂಡರು. ಸಂಜೆ ಅತ್ತೆಯ ಜೊತೆ ಹೋಗುತ್ತಿದ್ದ ವಾಕಿಂಗ್ ನಿಲ್ಲಿಸಿದರು. ಮೆಟ್ಟಿಲು ಕಂಡರೆ ಸುತ್ತುಹಾಕಿ ಲಿಫ್ಟ್ ಹುಡುಕಿದರು. ಮನೆಯಲ್ಲಿ ನೆಲಕ್ಕೆ ಕೂರುವುದನ್ನೇ ಬಿಟ್ಟರು. ಕೆಲಸದಲ್ಲೂ ಕೂತು ಏಳುವುದನ್ನು ಆದಷ್ಟು ಜೊತೆಯ ಹುಡುಗರಿಗೇ ವಹಿಸಿದರು. ಆರು ತಿಂಗಳ ಜೋಪಾನದ ಫಲ ಏನೆಂದರೆ, ತೊಡೆ ಸೊರಗಿ, ಕುರ್ಚಿಯಿಂದ ಏಳಲೂ ಗೋಡೆ ಹಿಡಿಯುವ ಹಾಗಾಯಿತು.

ಒಂದು ಮಧ್ಯಾಹ್ನ ಅತ್ತೆ ಕೊಟ್ಟ ಊಟದ ಡಬ್ಬಿ ಹಿಡಿದು ಅವರ ಕೆಲಸದ ಜಾಗಕ್ಕೆ ಹೋದೆ. ಫಿಸಿಯೋಥೆರಪಿ ಕ್ಲಿನಿಕ್ಕಿನ ವ್ಯಾಯಾಮದ ಕೋಣೆ ಅದು; ಅರ್ಧ ನೆಲ ಮುಗಿದಿತ್ತು. ಮಾವ ಗೋಡೆಗೊರಗಿ ಕೂತಿದ್ದರು.

“ಇದೇ ಕೊನೆ ಕೆಲ್ಸ ಕಣೇ,” ಅಂದರು. “ಮಂಡಿ ಟೊಳ್ಳಾಗಿದೆ. ನಾಳೆ ಯಾರದ್ದೋ ಮನೇಲಿ ಟೈಲ್ ಹಿಡ್ಕೊಂಡು ಬೀಳೋದಕ್ಕಿಂತ ಮರ್ಯಾದೆಯಾಗಿ ಬಿಟ್ಬಿಡೋದು ವಾಸಿ. ಆದ್ರೆ ಬೇರೆ ಏನೂ ಬರಲ್ವಲ್ಲೇ ನಂಗೆ.”

ಅವರ ಕಣ್ಣು ತುಂಬಿತ್ತು. ಕರಣೆಯಿಲ್ಲದ ಮಾವನನ್ನು ನಾನು ಊಹಿಸಿಯೇ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಫಿಸಿಯೋ ಮೇಡಂಗೆ ಇದೆಲ್ಲ ಕೇಳಿಸಿತ್ತು. ನಲವತ್ತರ ಹೆಂಗಸು, ಮಾತು ಚುರುಕು.

“ಟೊಳ್ಳು ಅಂತ ಯಾರ್ ಹೇಳಿದ್ದು ಮೇಸ್ತ್ರಿ?”

“ಯಾರೂ ಹೇಳ್ಬೇಕಾಗಿಲ್ಲ ಮೇಡಂ. ಬೇಕಾದ್ರೆ ನೀವೇ ಕೇಳಿ.” ಮಾವ ಗೋಡೆ ಹಿಡಿದು ಎದ್ದು ನಿಂತರು. ಟಕ್. ಖಾಲಿ ಕೋಣೆಯಲ್ಲಿ ಅದು ಇನ್ನೂ ಜೋರಾಗಿ ಕೇಳಿಸಿತು.

ಮೇಡಂ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎದ್ದರು. ಟಕ್, ಟಕ್. ಮಾವನದಕ್ಕಿಂತ ಜೋರು.

“ನಂದು ಕಾಲೇಜು ದಿನದಿಂದ ಹೀಗೇ ಇದೆ,” ಎಂದರು. “ನಿಮಗೆ ನೋವಿದ್ಯಾ? ಊತ? ನಡೀತಾ ನಡೀತಾ ಮಂಡಿ ಸಿಕ್ಕಾಕ್ಕೊಳ್ಳುತ್ತಾ?”

“ಇಲ್ಲ.”

ಅವರು ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯನ್ನು ಮಡಚಿ, ಬಿಡಿಸಿ, ಒತ್ತಿ ನೋಡಿದರು. “ಬರೀ ಸದ್ದಿಗೆ ಹೆದರ್ಬೇಡಿ. ಮಂಡಿ ಚೆನ್ನಾಗಿದೆ, ತೊಡೆ ಸೋಮಾರಿಯಾಗಿದೆ. ದಿನಾ ಕುರ್ಚಿಯಿಂದ ಕೈ ಊರದೆ ನಿಧಾನಕ್ಕೆ ಎದ್ದು ಕೂರಿ, ಹತ್ತು ಸಲ. ಮಂಡಿ ಒಳಕ್ಕೆ ವಾಲ್ಬಾರ್ದು, ಪಾದ ಯಾವ ಕಡೆಗೋ ಅದೂ ಆ ಕಡೆಗೇ ಇರ್ಬೇಕು. ಕೆಲ್ಸಕ್ಕೆ ಕೂರೋ ಮುಂಚೆ ಐದು ನಿಮಿಷ ನಡೀರಿ. ಮಂಡಿಗೆ ಮೆತ್ತೆ ಕಟ್ಕೊಳ್ಳಿ, ಅರ್ಧ ಗಂಟೆಗೊಮ್ಮೆ ಏಳಿ. ನೋವೋ ಊತವೋ ಬಂತು ಅಂದ್ರೆ ಆಗ ನನ್ನ ಹತ್ರ ಬನ್ನಿ.”

ಮಾವ ವಿನಯದಿಂದ ತಲೆಯಾಡಿಸಿದರು. ಮನೆಗೆ ಬರುವ ದಾರಿಯಲ್ಲಿ ಅಸಲಿ ಮಾತು ಹೊರಬಂತು. “ಪಾಪ, ಒಳ್ಳೆಯವ್ರು. ಸಮಾಧಾನಕ್ಕೆ ಹೇಳಿದ್ರು. ನನ್ನ ಕಿವಿ ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಸುಳ್ಳು ಹೇಳಿಲ್ಲ.”

ನಾನು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವಳಲ್ಲ. ಅತ್ತೆಗೆ ಎಲ್ಲವನ್ನೂ ಒಪ್ಪಿಸಿದೆ. ಅತ್ತೆ ಸೌಟು ಕೆಳಗಿಟ್ಟು ಮಾವನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

ಅಲ್ಲಿ ಹೊಸಿಲಿನ ಪಕ್ಕದ ಟೈಲಿನ ಬಗ್ಗೆ ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಸ್ವಂತ ಮನೆಗೆ ನೆಲ ಹಾಕುವಾಗ ಮಾವ ಆ ಕೊನೆಯ ಟೈಲನ್ನು ಅವಸರದಲ್ಲಿ ಅರೆಬರೆ ಗಾರೆಯ ಮೇಲೆ ಕೂರಿಸಿಬಿಟ್ಟಿದ್ದರಂತೆ. ಊರವರ ಮನೆಯ ಟೊಳ್ಳು ಕೀಳಲು ಪುರುಸೊತ್ತಿತ್ತು, ಇದಕ್ಕಿರಲಿಲ್ಲ. ಸದ್ದು ಕೇಳಬಾರದೆಂದು ಅಂದಿನಿಂದಲೂ ಅದನ್ನು ದಾಟಿಯೇ ಕಾಲಿಡುತ್ತಿದ್ದರು. ನಾವೆಲ್ಲ ಅದು ಅವರ ನಡಿಗೆಯ ಸ್ಟೈಲ್ ಅಂದುಕೊಂಡಿದ್ದೆವು.

ಅತ್ತೆ ಅದರ ಮೇಲೆ ಹಿಮ್ಮಡಿ ಊರಿದರು. ಟಕ್.

“ಕೇಳಿಸ್ತಾ? ನಿಮ್ಮ ಕಿವಿ ಸರಿಯಾಗೇ ಇದೆ. ಇಪ್ಪತ್ತೆರಡು ವರ್ಷದಿಂದ ಇದು ಟಕ್ ಅಂತಾನೇ ಇದೆ. ಇದರ ಮೇಲೆ ಗ್ಯಾಸ್ ಸಿಲಿಂಡರ್ ಉರುಳಿಸಿದ್ದೀನಿ, ಕುಕ್ಕರ್ ಬೀಳಿಸಿದ್ದೀನಿ. ಎಲ್ರೀ ಬಿರುಕು? ತೋರ್ಸಿ.”

ಮಾವ ಬಗ್ಗಿ ನೋಡಿದರು. ಬೆರಳಿಂದ ಅಂಚು ಸವರಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಮಾರನೆಯ ದಿನವೇ ಕುರ್ಚಿಯ ವ್ಯಾಯಾಮ ಶುರು. ಹತ್ತು ಸಲ ಅಂದಿದ್ದಕ್ಕೆ ಅರವತ್ತು ಸಲ ಮಾಡಿ, ಎರಡು ದಿನ ತೊಡೆ ಹಿಡಿದುಕೊಂಡು ಬಾತುಕೋಳಿಯ ಹಾಗೆ ನಡೆದರು. “ಗಾರೆ ಬೇಗ ಒಣಗ್ಲಿ ಅಂತ ಬೆಂಕಿ ಹಾಕ್ತೀರಾ?” ಎಂದು ಮೇಡಂ ಗದರಿಸಿದ ಮೇಲೆ ಹತ್ತಕ್ಕೆ ಇಳಿದರು. ಎಣಿಸುವವರು ಅತ್ತೆ. ಮಾವ ಪೂರ್ತಿ ಕೂರದೆ ಅರ್ಧಕ್ಕೇ ಎದ್ದರೆ ಅದು ಲೆಕ್ಕಕ್ಕಿಲ್ಲ. ಸಂಜೆಯ ವಾಕಿಂಗ್ ಮತ್ತೆ ಶುರುವಾಯಿತು. ಮೂರು ತಿಂಗಳಿಗೆ ಗೋಡೆ ಹಿಡಿಯುವುದು ತಪ್ಪಿತು. ಮಂಡಿಯ ಸದ್ದು ಮಾತ್ರ ಎಲ್ಲೂ ಹೋಗಿಲ್ಲ. ಕ್ಲಿನಿಕ್ಕಿನ ನೆಲ ಮುಗಿಸಿ ಈಗ ಒಂದು ಶಾಲೆಯ ಮೂರು ಮಹಡಿಯ ಮೆಟ್ಟಿಲಿನ ಕೆಲಸ ಹಿಡಿದಿದ್ದಾರೆ. ಕೊನೆ ಕೆಲಸದ ಮಾತನ್ನು ಅವರೂ ಎತ್ತುವುದಿಲ್ಲ, ನಾವೂ ನೆನಪಿಸುವುದಿಲ್ಲ.

ಹೋದ ಭಾನುವಾರ ನಾನು ಹೋದಾಗ ಮಾವ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಉಳಿ, ಸುತ್ತಿಗೆ, ಹೊಸ ಟೈಲ್, ಕಲಸಿದ ಗಾರೆ. ಅಂತೂ ಆ ಟೊಳ್ಳಿಗೆ ಗತಿ ಕಾಣಿಸುತ್ತಾರೆ ಎಂದುಕೊಂಡೆ. ಕರಣೆಯ ಹಿಡಿಯಿಂದ ಕುಟ್ಟಿದರು. ಟಕ್. ಇನ್ನೊಮ್ಮೆ ಕುಟ್ಟಿದರು. ಉಳಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಆಮೇಲೆ ಎಲ್ಲೂ ಕೈ ಊರದೆ ಎದ್ದು ನಿಂತರು. ಮಂಡಿಯೂ ಟಕ್ ಅಂದಿತು.

“ಇರ್ಲಿ ಬಿಡು,” ಅಂದರು. “ಈ ಗಾರೆ ಹಿತ್ತಲ ಮೆಟ್ಟಿಲಿಗೆ ಆಗುತ್ತೆ.”

ಒಳಗಿನಿಂದ ಅತ್ತೆ ಕಾಫಿಗೆ ಕರೆದರು. ಮಾವ ಆ ಟೈಲನ್ನು ದಾಟಲಿಲ್ಲ. ಅದರ ಮೇಲೆಯೇ ಪೂರ್ತಿ ಪಾದ ಊರಿ, ಟಕ್ ಅನ್ನಿಸಿ, ಒಳಗೆ ಹೋದರು.