ಬಚ್ಚಲ ಬಾಗಿಲಿನ ಚಿಲಕ

ಇವತ್ತು ಬೆಳಿಗ್ಗೆ ಹಜಾರ ದಾಟುವಾಗ ಬಚ್ಚಲ ಕಡೆಯಿಂದ ಸೀಗೆಪುಡಿಯ ವಾಸನೆ ಬಂತು. ಹಂಡೆಯ ಹಬೆಯೂ ಹೊರಗಿನ ಮಂಜೂ ಕಿಟಕಿಯ ಹತ್ತಿರ ಕಲೆತು, ಮನೆ ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನನ್ನ ಕಾಲು ನಿಂತುಬಿಡುತ್ತದೆ. ನೆನಪು ಮಾತ್ರ ಮುಂದೆ ಹೋಗುತ್ತದೆ.

ಮೂಡಿಗೆರೆ ಹತ್ತಿರದ ಈ ಮನೆಯಲ್ಲಿ ಮನಸ್ಸಿನ ಕಾಯಿಲೆಯ ಹೆಂಗಸರನ್ನು ನೋಡಿಕೊಳ್ಳುವ ವಾರ್ಡನ್ ನಾನು. ಬಂದ ಹೊಸದರಲ್ಲಿ ನನ್ನ ಜಂಬ ಏನು ಕೇಳುತ್ತೀರಿ! ಎಲ್ಲವನ್ನೂ ಸುಧಾರಿಸಿಬಿಡುತ್ತೇನೆ ಎಂದು ಹೊಸ ಪರದೆ ಹಾಕಿಸಿದೆ, ಗೋಡೆಗೆ ಬಣ್ಣ ಬಳಿಸಿದೆ, ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ ಇಟ್ಟು ಅವರು ಕೆಮ್ಮಿದ್ದನ್ನೂ ಬರೆದೆ. ಬಚ್ಚಲಿಗೆ ಒಳಗಿನಿಂದ ಚಿಲಕವಿಲ್ಲದ್ದು ಮಾತ್ರ ನನಗೆ ಕಾಣಲೇ ಇಲ್ಲ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಎಂಬ ಭಯಕ್ಕೆ ಹಿಂದಿನವರು ತೆಗೆಸಿದ್ದರಂತೆ.

ಸರೋಜಕ್ಕ ಬಣಕಲ್ ಕಡೆಯವರು, ಎಸ್ಟೇಟಿನಲ್ಲಿ ಕಾಫಿ ಕೊಯ್ದು ಬದುಕಿದವರು. ಸ್ನಾನಕ್ಕೆ ಹೋದರೆಂದರೆ ಮೊದಲ ಚೊಂಬಿನಿಂದ ಕೊನೆಯ ಚೊಂಬಿನವರೆಗೆ ಹಾಡು. ಶ್ರುತಿ, ತಾಳ ದೇವರಿಗೇ ಪ್ರೀತಿ. "ಸ್ವಲ್ಪ ನಿಲ್ಸಿ ಸರೋಜಕ್ಕ" ಎಂದರೆ ಇನ್ನೂ ಜೋರು. 'ಒಬ್ಬರೇ ಹಾಡುತ್ತಾರೆ, ಹೇಳಿದರೂ ನಿಲ್ಲಿಸುವುದಿಲ್ಲ' ಎಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದೆ. ತಿಂಗಳಿಗೊಮ್ಮೆ ಬರುವ ಡಾಕ್ಟರು ಅದನ್ನೋದಿ ಮಾತ್ರೆ ಹೆಚ್ಚಿಸಿದರು. ವಾರದಲ್ಲಿ ಹಾಡು ನಿಂತಿತು. ಗೆದ್ದೆ ಎಂದು ನಾನು ಬೀಗಿದೆ.

ಒಂದು ಬೆಳಿಗ್ಗೆ, ಸದ್ದಿಲ್ಲವಲ್ಲ, ಒಳಗೆ ಯಾರೂ ಇಲ್ಲ ಎಂದುಕೊಂಡು ಬಾಗಿಲು ತಳ್ಳಿದೆ. ಸರೋಜಕ್ಕ ಮೈಗೆ ಕೈ ಅಡ್ಡ ಹಿಡಿದು, ಗೋಡೆಗೆ ಒತ್ತಿಕೊಂಡು ಕೂತಿದ್ದರು.

"ಹಾಡೋಕೆ ಆಗ್ತಿಲ್ಲ ಮೇಡಂ, ನಾಲಿಗೆ ಹೊರಳ್ತಿಲ್ಲ," ಎಂದರು. "ತೋಟದಲ್ಲಿ ಗಿಡದ ಮರೆಗೆ ಹೋದಾಗ ಹಾಡ್ತಿದ್ವಿ, ಮೇಸ್ತ್ರಿ ಆ ಕಡೆ ಬರ್ದೇ ಇರ್ಲಿ ಅಂತ. ಇಲ್ಲೂ ಚಿಲಕ ಇಲ್ವಲ್ಲ..."

ಬಾಗಿಲು ಎಳೆದು ಹೊರಗೆ ನಿಂತೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವರಿಗಿದ್ದ ಒಂದೇ ಮರೆಯನ್ನು ಮಾತ್ರೆ ಕೊಡಿಸಿ ಕಿತ್ತುಕೊಂಡವಳು ನಾನು.

ಅವತ್ತೇ ಡಾಕ್ಟರಿಗೆ ಫೋನು ಮಾಡಿ "ತಪ್ಪು ನಂದು" ಎಂದೆ. ಮಾತ್ರೆ ಹಿಂದಿನಷ್ಟಕ್ಕೇ ಇಳಿಯಿತು. ಚಿಲಕವೂ ಬಂತು, ಅಪಾಯವಾದರೆ ಹೊರಗಿನಿಂದಲೂ ತೆಗೆಯಬಹುದಾದದ್ದು. ನೋಡಿ, ಬೇಕಾಗಿದ್ದದ್ದು ಇಷ್ಟೇ.

ಮೊದಲ ದಿನ ಸರೋಜಕ್ಕ ಒಳಗೆ ಹೋಗಿ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ನೀರಿನ ಸದ್ದು ಮಾತ್ರ, ಹಾಡಿಲ್ಲ. ಎಷ್ಟು ಹೊತ್ತಾದರೂ ಅವರು ಹೊರಗೆ ಬರಲಿಲ್ಲ. ನನಗೆ ಜೀವ ತಡೆಯದೆ ಬಾಗಿಲು ತಟ್ಟಿದೆ.

"ಯಾರದು?"

"ನಾನೇ. ಸ್ನಾನ ಆಯ್ತಾ, ಸರೋಜಕ್ಕ?"

"ಇಲ್ಲ. ಸ್ವಲ್ಪ ಕಾಯಿ ಮಾರಾಯ್ತಿ!"

ಈ ಮನೆಯಲ್ಲಿ ಅದುವರೆಗೆ ಯಾರೂ ನನಗೆ ಕಾಯಲು ಹೇಳಿರಲಿಲ್ಲ. ಎಷ್ಟು ಖುಷಿಯಾಯಿತು ಅಂತೀರಿ! ಗೋಡೆಗೊರಗಿ ನಿಂತು ಕಾದೆ.

ಇವತ್ತೂ ಒಳಗಿರುವುದು ಅವರೇ. ಅರ್ಧ ಗಂಟೆಯಾಯಿತು. ತಿಂಡಿ ಆರುತ್ತಿದೆ, ಡಾಕ್ಟರ ಜೀಪು ಗೇಟಿಗೆ ಬಂದಿದೆ. ಬರಲಿ, ಅವರೂ ಕೂತು ಕಾಯಲಿ.