ನಾನು ವಾಪಸು ತೆಗೆಸಿದ ಅರ್ಜಿ

ದಾಸನಕೊಪ್ಪದ ಕಡೆಯ ನಮ್ಮ ಊರಿನಲ್ಲಿ ಪಂಚಾಯಿತಿಗೆ ಓಟು ನಡೆಯುವುದೇ ಅಪರೂಪ. ಹಿರಿಯರು ಬಸವಣ್ಣನ ಗುಡಿಯಲ್ಲಿ ಕೂತು ಒಬ್ಬರನ್ನು ಆರಿಸುತ್ತಾರೆ, ಬೇರೆ ಯಾರೂ ಅರ್ಜಿ ಹಾಕುವುದಿಲ್ಲ. ನಮ್ಮದು ಜಗಳವಿಲ್ಲದ ಊರು ಎಂದು ನಾನೂ ಬೀಗರ ಮುಂದೆ ಹೇಳಿಕೊಂಡವಳೇ.

ಹೋದ ಸಲ ಸೀಟು ಹೆಂಗಸರಿಗೆ ಬಂತು. ಹಿರಿಯರು ದೊಡ್ಡಮನೆಯ ಸೊಸೆ ಎಂದರು. ಅಷ್ಟರಲ್ಲಿ ಹಿಂದಿನ ಓಣಿಯವಳೊಬ್ಬಳು ಯಾರನ್ನೂ ಕೇಳದೆ ಅರ್ಜಿ ಹಾಕಿ ಬಂದಿದ್ದಳು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು. ಅವಳ ಓಣಿಗೆ ನಲ್ಲಿ ಇರಲಿಲ್ಲ, ಅದಕ್ಕೇ ನಿಂತಿದ್ದಳು. ಅವಳನ್ನು ಒಪ್ಪಿಸಿ ಅರ್ಜಿ ವಾಪಸು ತೆಗೆಸು ಎಂದು ಹಿರಿಯರು ನನ್ನನ್ನು ಕಳಿಸಿದರು. ಹೋದೆ.

ಅವಳು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಊರಾಗ ಸುಮ್ಮನ ಜಗಳ ಯಾಕವ್ವ? ವಾಪಸ್ ತಗೋ," ಎಂದೆ.

"ಜಗಳ ಯಾರ ಮಾಡಾಕತ್ತಾರ್ರಿ ಅಮ್ಮಾರ? ನಾ ಒಂದ ಅರ್ಜಿ ಹಾಕೀನಿ."

"ನಲ್ಲಿ ದೊಡ್ಡಮನಿಯವರ ಹಾಕಸ್ತಾರ."

"ಹಾಕ್ಸೂದಿದ್ರ ಇಷ್ಟ ವರ್ಷ ಆ ನಲ್ಲಿ ಎಲ್ಲಿ ಮಲಗಿತ್ರಿ?"

ನಾಡಿದ್ದು ನಮ್ಮಲ್ಲಿ ಶುಂಠಿ ಕೀಳುವುದಿದೆ, ಆಳು ಇನ್ನೂ ಕರೆದಿಲ್ಲ ಎಂದೆ. ಅಷ್ಟೇ ಅಂದದ್ದು. ಅವಳು ಮೊರ ಕೆಳಗಿಟ್ಟಳು. ಆ ಮಧ್ಯಾಹ್ನವೇ ಪಂಚಾಯಿತಿಗೆ ಹೋಗಿ ಸಹಿ ಮಾಡಿ ಬಂದಳು. ಒಪ್ಪಿದಳು ಎಂದು ಗುಡಿಯಲ್ಲಿ ಹೇಳಿದೆ, ಶಹಬ್ಬಾಸ್ ಅನ್ನಿಸಿಕೊಂಡೆ. ನಾನು ಕಲಿತದ್ದು ಮೂರನೇ ಇಯತ್ತೆ. ಹೊಟ್ಟೆಗೆ ಹೆದರಿ ಹೂಂ ಅಂದರೆ ಅದು ಒಪ್ಪಿಗೆಯಲ್ಲ ಎಂದು ತಿಳಿಯಲು ಅಷ್ಟು ಸಾಕಿತ್ತು.

ದೊಡ್ಡಮನೆಯ ಸೊಸೆ ಕೆಟ್ಟವಳೇನಲ್ಲ. ಎರಡನೇ ವರ್ಷಕ್ಕೆ ಆ ಓಣಿಗೂ ನಲ್ಲಿ ಹಾಕಿಸಿದಳು. ನನ್ನ ತಪ್ಪು ಮುಗಿಯಿತು ಅಂದುಕೊಂಡು ಅಲ್ಲಿಗೆ ಹೋದೆ.

"ನೀರ ಬಂತಲ್ಲವ್ವ," ಎಂದೆ.

"ಬಂತ್ರಿ. ಅವರು ಕೊಟ್ರು, ನಾವು ತಗೊಂಡ್ವಿ." ಕೊಡವನ್ನು ನಲ್ಲಿಯ ಕೆಳಗಿಟ್ಟು ಅವಳೇ ಅಂದಳು, "ಸೋತಿದ್ರೂ ಚಿಂತಿ ಇರಲಿಲ್ಲರಿ. ನಂಗ ಎಷ್ಟ ಮಂದಿ ಹಾಕ್ತಿದ್ರು ಅಂತನಾದ್ರೂ ತಿಳೀತಿತ್ತು. ನೀವ್ ಯಾರಿಗ್ ಹಾಕ್ತಿದ್ರಿ?"

"ನಿನಗ," ಎಂದೆ. ಸುಳ್ಳಲ್ಲ. ಅವತ್ತು ಗುಡಿಯಿಂದ ಅವಳ ಮನೆಗೆ ನಡೆದು ಹೋಗುವಾಗಲೂ ನನ್ನ ಮನಸ್ಸಿನಲ್ಲಿ ಇದ್ದವಳು ಅವಳೇ.

"ಹಂಗಾರ ನಂದೂ ಸೇರಿ ಎರಡ ಓಟ ಇದ್ವು ನೋಡ್ರಿ," ಎಂದು ನಕ್ಕಳು.

ಇನ್ನೆಷ್ಟು ಇದ್ದವೋ. ಈಗ ಮನೆಮನೆಗೆ ಹೋಗಿ ಕೇಳಿದರೂ ನಿಜ ಯಾರು ಹೇಳುತ್ತಾರೆ, ಅದೂ ನನಗೆ?